ಬಿಡೋದು ಅಂದ್ರೆ ಯಾವ ಬಿಡೋದು?

ನೀರು ಸರಬರಾಜು ಕಚೇರಿಯ ಎದುರಿನ ಕಟ್ಟಡದಲ್ಲಿ, ಮಹಡಿಗೆ ಹೋಗುವ ಮೆಟ್ಟಿಲಿನ ಕೆಳಗೆ, ಒಂದು ಮೇಜು, ನಾಲ್ಕು ಸ್ಟೂಲು, ಎರಡು ಟೈಪ್‌ರೈಟರ್ ಹಿಡಿಯುವಷ್ಟು ಜಾಗವಿತ್ತು. ಹೊಸಬರು ಯಾರೇ ಬಂದರೂ ಎದ್ದು ಹೋಗುವಾಗ ಒಂದು ಸಲ ಮೆಟ್ಟಿಲಿಗೆ ತಲೆ ಬಡಿಸಿಕೊಂಡೇ ಹೋಗುತ್ತಿದ್ದರು. ಟೈಪಕ್ಕ ಮಾತ್ರ ಮೂವತ್ತೆರಡು ವರ್ಷ ಅಲ್ಲಿ ಕೂತರೂ ಒಮ್ಮೆಯೂ ಬಡಿಸಿಕೊಂಡವಳಲ್ಲ. ಅದಕ್ಕೆ ಕಾರಣ ಅವಳ ಎಚ್ಚರಿಕೆಯೇನಲ್ಲ, ಅವಳು ಅಷ್ಟು ಗಿಡ್ಡ.

ಅವಳು ಅಲ್ಲಿಗೆ ಬಂದಾಗ ಹತ್ತೊಂಬತ್ತು ವರ್ಷ. ಆಗಿನ್ನೂ ಯಾರೂ ಅವಳನ್ನು ಟೈಪಕ್ಕ ಅನ್ನುತ್ತಿರಲಿಲ್ಲ. ಅಂಗಡಿ ಮೇಷ್ಟ್ರದು. ಅವರು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಮುಖ್ಯೋಪಾಧ್ಯಾಯರ ಜೊತೆ ಯಾವುದೋ ಅಲ್ಪವಿರಾಮದ ವಿಷಯಕ್ಕೆ ಜಗಳವಾಡಿ ಹೊರಗೆ ಬಂದು, ಈ ಮೆಟ್ಟಿಲ ಕೆಳಗೆ ಅರ್ಜಿ ಟೈಪ್ ಮಾಡಿಕೊಡುವ ಕೆಲಸ ಶುರು ಮಾಡಿದ್ದರು. ಅವರಿಗೆ ಒಂದು ನಿಯಮವಿತ್ತು. "ಅರ್ಜಿ ಹತ್ತು ಸಾಲು ಮೀರಬಾರದು. ಹನ್ನೊಂದನೇ ಸಾಲು ಓದೋ ತಾಳ್ಮೆ ಯಾವ ಅಧಿಕಾರಿಗೂ ದೇವರು ಕೊಟ್ಟಿಲ್ಲ" ಎನ್ನುತ್ತಿದ್ದರು.

ಹುಡುಗಿಯ ಬೆರಳು ಚುರುಕು. ಮೇಷ್ಟ್ರು ಒಂದು ಪುಟ ಮುಗಿಸುವಷ್ಟರಲ್ಲಿ ಅವಳು ಎರಡು ಮುಗಿಸಿ, ಕಾಗದ ಎಳೆದು, ಅಂಚು ತಟ್ಟಿ ಇಟ್ಟಿರುತ್ತಿದ್ದಳು. ಯಾವ ಇಂಗ್ಲಿಷ್ ಪದ ಕೇಳಿದರೂ ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಿದ್ದಳು. ಅರ್ಥ ಕೇಳಿದರೆ ಮಾತ್ರ ಸ್ವಲ್ಪ ಕಷ್ಟ. ಕಾಗುಣಿತ ಖಚಿತ, ಅರ್ಥ ಅಂದಾಜು. ಮೇಷ್ಟ್ರು ಪಕ್ಕದಲ್ಲಿದ್ದರೆ ಕೇಳುತ್ತಿದ್ದಳು, ಇಲ್ಲದಿದ್ದರೆ ಬಾಯಿಗೆ ಬಂದ ಪದ ಹಾಕುತ್ತಿದ್ದಳು. ಒಮ್ಮೆ ಲಾರಿ ಚಾಲಕನೊಬ್ಬ ಲೈಸೆನ್ಸಿನ ಅವಧಿ ಮುಗಿದಿದೆ, ನವೀಕರಿಸಿ ಕೊಡಿ ಅಂತ ಅರ್ಜಿ ಬರೆಸಿಕೊಂಡು ಹೋದ. ಇವಳು ಲೈಸೆನ್ಸಿನ ಬದಲು ಚಾಲಕನನ್ನೇ ಎಕ್ಸ್‌ಪೈರ್ ಮಾಡಿಬಿಟ್ಟಿದ್ದಳು. ಲೈಸೆನ್ಸ್ ಕಚೇರಿಯ ಕಿಟಕಿಯಲ್ಲಿ ಕೂತಿದ್ದವರು ಅರ್ಜಿ ಓದಿ, ಕನ್ನಡಕ ಏರಿಸಿ, "ಪಾಪ, ತೀರಿಕೊಂಡವರು ನಿಮಗೇನಾಗಬೇಕು?" ಅಂತ ಅವನನ್ನೇ ಕೇಳಿದರಂತೆ. ಆ ಚಾಲಕ ವಾಪಸು ಬಂದು ಬೈಯುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಷ್ಟ್ರೂ ನಕ್ಕರು. ಇವಳೂ ನಾಲಿಗೆ ಕಚ್ಚಿಕೊಂಡು, ನಕ್ಕು, ಮರೆತಳು. ನಗುವಿನಲ್ಲಿ ಮುಗಿದುಹೋದ ತಪ್ಪನ್ನು ಯಾರು ತಾನೆ ನೆನಪಿಟ್ಟುಕೊಳ್ಳುತ್ತಾರೆ?

ಮೂರನೇ ವರ್ಷ, ಮೇಷ್ಟ್ರು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ ಒಂದು ಬೆಳಿಗ್ಗೆ, ನೀರಣ್ಣ ಬಂದ.

ನೀರಣ್ಣ ಎಂದರೆ ಆ ಕಡೆಯ ಏಳೆಂಟು ಬೀದಿಗಳಿಗೆ ನೀರು ಬಿಡುವವನು. ರಸ್ತೆ ಮಧ್ಯದ ಕಬ್ಬಿಣದ ಮುಚ್ಚಳ ತೆಗೆದು, ಗುಂಡಿಗೆ ಇಳಿದು, ಆಳೆತ್ತರದ ಕೀಲಿ ಹಾಕಿ ವಾಲ್ವು ತಿರುಗಿಸುವುದು ಅವನ ಕೆಲಸ. ಅವನು ಅಂದು ಸ್ಟೂಲಿನ ಮೇಲೆ ಕೂರಲು ಮೇಜಿನ ಅಂಚು ಹಿಡಿದುಕೊಂಡ.

"ಏನಂತ ಬರೀಲಿ ನೀರಣ್ಣ?" ಅಂದಳು ಹುಡುಗಿ.

"ಕಾಲು ಕೈಕೊಟ್ಟಿದೆಯಮ್ಮ" ಅಂದ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ನಕ್ಕ. "ಇಪ್ಪತ್ತೆಂಟು ವರ್ಷ ಆಯ್ತು. ಗುಂಡಿಗೆ ಇಳಿದ್ರೆ ಹತ್ತಕ್ಕಾಗಲ್ಲ, ಹತ್ತಿದ್ರೆ ಇನ್ನೊಂದಕ್ಕೆ ಇಳಿಯಕ್ಕಾಗಲ್ಲ. ಕೆಲಸ ಬಿಡ್ತೀನಿ. ಪಿಂಚಣಿ ಬಂದ್ರೆ ಮನೆ ಹತ್ರ ಏನಾದ್ರೂ ಮಾಡ್ಕೊಂಡಿರ್ತೀನಿ. ಹಾಗಂತ ಬರಿ."

ಅವಳಿಗೆ ಒಂದು ಅಭ್ಯಾಸವಿತ್ತು. ಬಂದವರು ಹೇಳಿದ್ದನ್ನು ಮೊದಲು ಕನ್ನಡದಲ್ಲೇ, ಅವರ ಮಾತಿನಲ್ಲೇ, ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಗೀಚಿಕೊಳ್ಳುತ್ತಿದ್ದಳು. ಆಮೇಲೆ ಅದನ್ನು ನೋಡಿಕೊಂಡು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದಳು. ಅವತ್ತೂ ಹಾಗೇ ಮಾಡಿದಳು. ಕೆಲಸ ಬಿಡುವುದಕ್ಕೆ ರಿಸೈನ್ ಅನ್ನುವ ಪದ ತಟ್ಟನೆ ಬಂತು. ಬೆರಳಿಗೆ ಪಳಗಿದ ಪದ. ಪಿಂಚಣಿಯ ಮಾತು ಸೇರಿಸಿದರೆ ಹನ್ನೊಂದನೇ ಸಾಲಾಗುತ್ತಿತ್ತು. ಕೆಲಸ ಬಿಟ್ಟವರಿಗೆ ಪಿಂಚಣಿ ಬಂದೇ ಬರುತ್ತದಲ್ಲ, ಅದನ್ನು ಬೇರೆ ಯಾಕೆ ಬರೆಯಬೇಕು ಅಂತ ಬಿಟ್ಟಳು. ಏಳು ನಿಮಿಷದಲ್ಲಿ ಕೆಲಸ ಮುಗಿಯಿತು. ನೀರಣ್ಣ ಒಂದೊಂದೇ ಅಕ್ಷರವನ್ನು ಗುಂಡಿಯಿಂದ ಎತ್ತಿ ಇಟ್ಟವನಂತೆ ಸಹಿ ಹಾಕಿ, ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡು ರಸ್ತೆ ದಾಟಿದ.

ಆ ಕಚೇರಿಯಲ್ಲಿ ಒಡೆದ ಕಿಟಕಿ ಗಾಜು ಬದಲಾಯಿಸಲು ಎರಡು ವರ್ಷ ಹಿಡಿಸುತ್ತಿತ್ತು. ನೀರಣ್ಣನ ಅರ್ಜಿ ಮಾತ್ರ ಹದಿನೆಂಟೇ ದಿನದಲ್ಲಿ ಮಂಜೂರಾಯಿತು.

ಎರಡು ತಿಂಗಳು ಕಳೆದಿರಬೇಕು. ನೀರಣ್ಣ ಮತ್ತೆ ಬಂದು ಸ್ಟೂಲಿನ ಮೇಲೆ ಕೂತ. ಕೋಪವಿಲ್ಲ, ಕೂಗಾಟವಿಲ್ಲ. ಯಾರದೋ ಮನೆಯ ನಲ್ಲಿ ಸೋರುತ್ತಿದೆ ಅಂತ ತಿಳಿಸುವವನ ಹಾಗೆ, "ಅಮ್ಮ, ಆ ಕಾಗದದಲ್ಲಿ ಏನೋ ಒಂದು ಮಾತು ಹೆಚ್ಚುಕಡಿಮೆ ಆಗಿದೆಯಂತೆ. ಪಿಂಚಣಿ ಬರಲ್ಲ ಅಂತಿದ್ದಾರೆ" ಅಂದ. ಕಚೇರಿ ಕೊಟ್ಟ ಪತ್ರ ಮುಂದಿಟ್ಟ.

ಈ ಸಲ ಪಕ್ಕದಲ್ಲೇ ಇದ್ದ ಮೇಷ್ಟ್ರು ಪತ್ರ ತೆಗೆದುಕೊಂಡು ಓದಿ, ಅವಳ ಹಳೆಯ ನಕಲು ಹುಡುಕಿಸಿ ಓದಿ, ತರಗತಿಯಲ್ಲಿ ಹೇಳುವಂತೆ ನಿಧಾನವಾಗಿ ಹೇಳಿದರು. "ರಿಸೈನ್ ಅಂದ್ರೆ ನನಗೆ ಈ ಕೆಲಸ ಬೇಡ, ಅದರ ಹಿಂದಿನದೂ ಬೇಡ ಅಂತ ಕೊಡವಿಕೊಂಡು ಹೋಗೋದು. ರಿಟೈರ್ ಅಂದ್ರೆ ನನ್ನ ಪಾಲಿನ ಕೆಲಸ ಮುಗಿಸಿದೀನಿ, ಇನ್ನು ಕೂರ್ತೀನಿ ಅನ್ನೋದು. ಇಪ್ಪತ್ತು ವರ್ಷ ಆದವರು ಬೇಕಾದ್ರೆ ಮುಂಚೆಯೇ ರಿಟೈರ್ ಆಗಬಹುದು, ಇಲ್ಲಿ ಹಾಗೆ ನಿಯಮ ಇದೆ. ನೀನು ಇವರ ಇಪ್ಪತ್ತೆಂಟು ವರ್ಷನೂ ಕೊಡವಿಸಿಬಿಟ್ಟೆ."

"ನಮ್ಮ ಮಾತಲ್ಲಿ ಎರಡೂ ಬಿಡೋದೇ ಅಲ್ವಾ ಸಾರ್?" ಅಂದಳು ಹುಡುಗಿ.

"ನಮ್ಮಲ್ಲೂ ರಾಜೀನಾಮೆ, ನಿವೃತ್ತಿ ಅಂತ ಎರಡು ಮಾತಿದೆ. ಆದ್ರೆ ಗುಂಡಿಗೆ ಇಳಿಯೋನು ಆ ಭಾಷೆಯಲ್ಲಿ ಮಾತಾಡಲ್ಲ."

ನೀರಣ್ಣ ಇಬ್ಬರ ಮುಖವನ್ನೂ ನೋಡಿ, "ಬರ್ತೀನಿ, ಏನಾದ್ರೂ ದಾರಿ ಇದ್ರೆ ಹೇಳಿ" ಅಂತ ಹೊರಟುಹೋದ. ಅವನು ಎರಡು ಮಾತು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಅವನು ಅತ್ತ ಹೋದ ಮೇಲೆ ಮೇಷ್ಟ್ರು ದನಿ ತಗ್ಗಿಸಿದರು. "ನೋಡು, ಕೆಳಗೆ ಸಹಿ ಅವನದು. ಅಂಗಡಿ ಹೆಸರು ಎಲ್ಲೂ ಇಲ್ಲ. ಹೇಳಿದ್ದನ್ನ ಟೈಪ್ ಮಾಡೋದಷ್ಟೇ ನಮ್ಮ ಕೆಲಸ. ತಲೆ ಕೆಡಿಸ್ಕೋಬೇಡ."

ಆದರೆ ತಲೆ ಆಗಲೇ ಕೆಟ್ಟಿತ್ತು. ಮಾರನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ರಸ್ತೆ ದಾಟಿ, ಎರಡನೇ ಮಹಡಿ ಹತ್ತಿ, ಪಿಂಚಣಿ ವಿಭಾಗದ ಮೇಡಂ ಮುಂದೆ ನಿಂತಳು. ಮೇಡಂ ಫೈಲುಗಳ ಗೋಡೆಯ ಹಿಂದೆ ಕೂತಿದ್ದರು. ಮೊದಲು ಕಂಡದ್ದು ಹಣೆ, ಆಮೇಲೆ ಕನ್ನಡಕ.

"ಆ ಪದ ನಾನು ಹಾಕಿದ್ದು ಮೇಡಂ. ಅವರು ಹಾಗೆ ಹೇಳಿರಲಿಲ್ಲ" ಅಂದಳು.

"ಇಲ್ಲಿಗೆ ಬರೋ ಹತ್ತು ಜನರಲ್ಲಿ ಒಂಬತ್ತು ಜನ, ನಾನು ಹೇಳಿದ್ದೇ ಒಂದು ಬರೆದಿದ್ದೇ ಒಂದು ಅಂತಾರೆ. ನಾನು ಯಾರನ್ನ ನಂಬಲಿ? ಸಾಕ್ಷಿ ಏನಿದೆ?"

ಸಾಕ್ಷಿ ಏನಿರುತ್ತದೆ ಅಂತ ಯೋಚಿಸುತ್ತ ಅವಳು ಅರ್ಧ ಮೆಟ್ಟಿಲು ಇಳಿದಿದ್ದಳು. ಅಲ್ಲೇ ನಿಂತಳು. ಓಡಿ ಅಂಗಡಿಗೆ ಹೋಗಿ, ಆ ತಿಂಗಳ ನೋಟ್‌ಬುಕ್ ಹುಡುಕಿ ತೆಗೆದು, ಮತ್ತೆ ಎರಡು ಮಹಡಿ ಹತ್ತಿದಳು. ಪೆನ್ಸಿಲಿನ ಗೀಚು ಮಾಸಿತ್ತು, ಆದರೆ ಓದಲು ಬರುತ್ತಿತ್ತು. ತಾರೀಖಿತ್ತು. ಕಾಲು ಕೈಕೊಟ್ಟಿದೆ ಅನ್ನುವುದರಿಂದ ಹಿಡಿದು ಪಿಂಚಣಿ ಬಂದ್ರೆ ಮನೆ ಹತ್ರ ಇರ್ತೀನಿ ಅನ್ನುವವರೆಗೆ ನೀರಣ್ಣನ ಮಾತು ಹಾಗೇ ಇತ್ತು.

ಮೇಡಂ ಎರಡು ಸಲ ಓದಿದರು. "ಇದನ್ನ ಇಟ್ಕೊಂಡು ಏನಾದ್ರೂ ಮಾಡಬಹುದು. ಆದ್ರೆ ಈ ತಪ್ಪು ಹೇಗಾಯ್ತು ಅಂತ ನೀವು ಬರವಣಿಗೆಯಲ್ಲಿ ಕೊಡಬೇಕು. ನಿಮ್ಮ ಹೆಸರು, ಸಹಿ ಎಲ್ಲ ಹಾಕಿ. ಅದು ಫೈಲಲ್ಲಿ ಉಳಿಯುತ್ತೆ, ಯೋಚನೆ ಮಾಡಿ ಬರೀರಿ."

ಇದು ತಿಳಿದಾಗ ಮೇಷ್ಟ್ರು ಬಹಳ ಹೊತ್ತು ಟೈಪ್‌ರೈಟರಿನ ರಿಬ್ಬನ್ ಸರಿ ಮಾಡುತ್ತಾ ಕೂತರು. ಕೊನೆಗೆ, "ಕೊಡಲೇಬೇಕು ಅಂದ್ರೆ ಟೈಪಿಂಗ್ ಎರರ್ ಅಂತ ಕೊಡು. ಬೆರಳು ಜಾರಿತು ಅಂದ್ರೆ ಯಾರೂ ಏನೂ ಅನ್ನಲ್ಲ. ನಿನ್ನ ಮಾನನೂ ಉಳಿಯುತ್ತೆ, ಅಂಗಡಿದೂ ಉಳಿಯುತ್ತೆ" ಅಂದರು.

"ಒಂದಕ್ಷರ ಜಾರಬಹುದು ಸಾರ್. ಇಡೀ ಪದ ಜಾರುತ್ತಾ?"

"ಹಾಗಾದ್ರೆ ನೆಗ್ಲಿಜೆನ್ಸ್ ಅಂತ ಹಾಕು. ಅವಸರದಲ್ಲಿ ಗಮನ ಕೊಡಲಿಲ್ಲ ಅಂತ. ಅವಸರ ಎಲ್ಲರಿಗೂ ಇರುತ್ತೆ."

ಅವಳು ಆ ದಿನ ಸಂಜೆ ವಾಚನಾಲಯಕ್ಕೆ ಹೋಗಿ, ಸರಪಳಿ ಹಾಕಿ ಮೇಜಿಗೆ ಕಟ್ಟಿದ್ದ ದೊಡ್ಡ ನಿಘಂಟನ್ನು ಮೊದಲ ಸಲ ಬಿಡಿಸಿದಳು. ಎರರ್ ನೋಡಿದಳು. ನೆಗ್ಲಿಜೆನ್ಸ್ ನೋಡಿದಳು. ಗೊತ್ತಿದ್ದೂ ಗಮನ ಕೊಡದಿರುವುದು ಅಂತ ತಿಳಿಯಿತು. ತನಗೆ ಗೊತ್ತೇ ಇರಲಿಲ್ಲವಲ್ಲ. ಪುಟ ತಿರುವುತ್ತಾ ಇಗ್ನರೆನ್ಸ್ ಅನ್ನುವಲ್ಲಿ ಬಂದು ನಿಂತಳು. ಅದನ್ನು ಓದುವಾಗ ಕಿವಿ ಬಿಸಿಯಾಯಿತು. ಇಂಗ್ಲಿಷ್ ಟೈಪ್ ಮಾಡಿ ಹೊಟ್ಟೆ ಹೊರೆಯುವವಳು ತನಗೆ ಇಂಗ್ಲಿಷ್ ಗೊತ್ತಿಲ್ಲ ಅಂತ ಸಹಿ ಹಾಕಿ ಕೊಡುವುದೆಂದರೆ!

ಅವಳ ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ಅಪ್ಪ ಹೋದ ಮೇಲೆ ಆ ಹೊಲಿಗೆ ಯಂತ್ರವೇ ಮನೆಯನ್ನು ಎಳೆದಿದ್ದು. ಮಗಳು ಎಲ್ಲವನ್ನೂ ಹೇಳಿದಾಗ ಅಮ್ಮ ಪೆಡಲ್ ನಿಲ್ಲಿಸಲಿಲ್ಲ.

"ಗೊತ್ತಿಲ್ಲ ಅಂತ ಬರೆದುಕೊಟ್ರೆ ಆಮೇಲೆ ನಿನ್ನ ಹತ್ರ ಯಾರೇ ಬರ್ತಾರೆ?"

"ಅದೇ ಯೋಚನೆ."

ಅಮ್ಮ ತೋಳಿನ ಹೊಲಿಗೆ ಕೊನೆ ಮುಟ್ಟಿಸಿ, ದಾರ ಹಲ್ಲಲ್ಲಿ ಕಡಿದರು. "ಅಳತೆ ಓದಕ್ಕೆ ಬರದೆ ನಾನು ಬಟ್ಟೆ ಕತ್ತರಿಸಿದ್ರೆ, ಕತ್ತರಿ ಜಾರಿತು ಅಂತ ಹೇಳಬಹುದು. ಹೇಳಿದ್ರೆ ಮುಂದಿನ ಬಟ್ಟೆನೂ ಕೆಡಿಸ್ತೀನಿ. ಅಷ್ಟೇ ನನಗೆ ಗೊತ್ತಿರೋದು. ನೀನು ಓದಿದವಳು, ನೋಡು" ಅಂದರು. ಮತ್ತೆ ಪೆಡಲ್ ತುಳಿದರು.

ಅವಳು ಬರೆದುಕೊಟ್ಟದ್ದು ಆರು ಸಾಲು. ಅರ್ಜಿದಾರರು ನಿವೃತ್ತಿಯನ್ನೇ ಕೇಳಿದ್ದರು. ಎರಡು ಪದಗಳ ವ್ಯತ್ಯಾಸ ನನಗೆ ತಿಳಿದಿರಲಿಲ್ಲ. ತಿಳಿಯದ ನಾನು ಕೇಳಲೂ ಇಲ್ಲ. ತಪ್ಪು ನನ್ನದು, ಅವರದಲ್ಲ. ಮೇಡಂ ಓದಿ, ಕನ್ನಡಕ ತೆಗೆದು, ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. "ಕೂತ್ಕೊಳ್ಳಿ" ಅಂದರು. ಆ ಕಚೇರಿಯಲ್ಲಿ ಹೊರಗಿನವರಿಗೆ ಕೂತ್ಕೊಳ್ಳಿ ಅಂದದ್ದನ್ನು ಅಲ್ಲಿನ ಗುಮಾಸ್ತರೇ ಕೇಳಿರಲಿಲ್ಲವಂತೆ.

ಅಷ್ಟಕ್ಕೇ ಎಲ್ಲ ಸುಸೂತ್ರವಾಯಿತು ಅಂತಲ್ಲ. ಫೈಲು ಮೇಲಿನ ಕಚೇರಿಗೆ ಹೋಯಿತು, ಅಲ್ಲಿಂದ ಪ್ರಶ್ನೆ ಹೊತ್ತು ಕೆಳಗೆ ಬಂತು, ಉತ್ತರ ಹೊತ್ತು ಮತ್ತೆ ಮೇಲೆ ಹೋಯಿತು. ಹನ್ನೊಂದು ತಿಂಗಳು. ಶನಿವಾರ ಶನಿವಾರ ಅವಳೂ ನೀರಣ್ಣನೂ ಕಚೇರಿಯ ಬೆಂಚಿನ ಮೇಲೆ ಕೂತು ಕಾದರು. ನೀರಣ್ಣ ಅಷ್ಟು ದಿನವೂ ಮನೆಮನೆಗೆ ಹೋಗಿ ನಲ್ಲಿ ರಿಪೇರಿ ಮಾಡಿ ಸಂಸಾರ ತೂಗಿಸಿದ. ಇತ್ತ ಸುದ್ದಿಗೆ ಕಾಲು ಬಂದಿತ್ತು. ಮೆಟ್ಟಿಲ ಕೆಳಗಿನ ಹುಡುಗಿಗೆ ಇಂಗ್ಲಿಷ್ ಬರಲ್ಲವಂತೆ, ತಾನೇ ಬರೆದುಕೊಟ್ಟಿದ್ದಾಳಂತೆ. ಬಂದವರು ಅವಳ ಮುಂದಿನ ಸ್ಟೂಲು ಬಿಟ್ಟು ಮೇಷ್ಟ್ರ ಮುಂದೆ ಸಾಲು ಹಚ್ಚಿದರು. ಅವಳು ಕೈಕಟ್ಟಿ ಕೂತಳು. ಮೇಷ್ಟ್ರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಅದೊಂದು ದೊಡ್ಡತನ. ಆದರೆ ಆ ವರ್ಷವೆಲ್ಲ ಅವಳ ಜೊತೆ ಬೇಕಾದಷ್ಟೇ ಮಾತಾಡಿದರು.

ಕೈ ಖಾಲಿ ಇದ್ದ ಹೊತ್ತಿನಲ್ಲಿ ಅವಳು ಓದಿದಳು. ಗುಜರಿಯಲ್ಲಿ ಒಂದು ಹಳೆಯ ನಿಘಂಟು ಸಿಕ್ಕಿತು, ಬೆನ್ನು ಕಿತ್ತುಹೋಗಿತ್ತು. ಒಂದು ಪದ ನೋಡಿದರೆ ಅದರ ಅಕ್ಕಪಕ್ಕದ ನೆಂಟರನ್ನೂ ನೋಡಬೇಕು ಅಂತ ಅವಳೇ ಒಂದು ಕಟ್ಟಳೆ ಮಾಡಿಕೊಂಡಳು. ಒಂದೇ ತಾಯಿಯ ಮಕ್ಕಳಂತೆ ಕಾಣುವ ಪದಗಳು ಒಂದೊಂದು ಸಲ ಒಂದೇ ಮನೆಯಲ್ಲಿ ಮಾತು ಬಿಟ್ಟು ಬದುಕುತ್ತಿರುತ್ತವೆ ಅನ್ನುವುದು ಅವಳಿಗೆ ಹೀಗೆ ತಿಳಿಯುತ್ತಾ ಹೋಯಿತು.

ಆದೇಶ ಬಂದಾಗ ಅದು ಅರ್ಧ ಸಿಹಿ. ರಾಜೀನಾಮೆ ವಾಪಸು ಪಡೆದಂತೆ ಭಾವಿಸಲಾಗುವುದು. ಆದರೆ ನೀರಣ್ಣ ಮತ್ತೆ ಕೆಲಸಕ್ಕೆ ಹಾಜರಾಗಬೇಕು. ನಿವೃತ್ತಿ ಕೋರಿ ಹೊಸ ಅರ್ಜಿ ಕೊಟ್ಟು, ಆ ದಿನದಿಂದ ಮೂರು ತಿಂಗಳು ದುಡಿದು ಹೋಗಬೇಕು. ನಿಯಮವೇ ಹಾಗಿತ್ತು. ಮೇಡಂ ಕೈಲಾದಷ್ಟು ಮಾಡಿದ್ದರು.

"ಮೂರು ತಿಂಗಳು ತಾನೆ" ಅಂದ ನೀರಣ್ಣ. "ಹಳೇ ಗುಂಡಿಗಳೇ, ಪರಿಚಯದವೇ." ಅಲ್ಲಿಂದ ನೇರ ಮೆಟ್ಟಿಲ ಕೆಳಗೆ ಬಂದು, ಮೇಷ್ಟ್ರ ಮುಂದಿನ ಸಾಲನ್ನು ದಾಟಿ, ಅವಳ ಎದುರಿನ ಸ್ಟೂಲಿನ ಮೇಲೆ ಕೂತ.

"ಈ ಅರ್ಜಿ ಮೇಷ್ಟ್ರೇ ಮಾಡಿಕೊಡ್ಲಿ ನೀರಣ್ಣ" ಅಂದಳು ಅವಳು ಮೆಲ್ಲಗೆ.

"ಯಾಕೆ? ಆ ಎರಡು ಪದದ ಸಂಗತಿ ಈಗ ಈ ಬೀದಿಯಲ್ಲಿ ನಿನ್ನಷ್ಟು ತಿಳಿದವರು ಇನ್ಯಾರಿದ್ದಾರೆ? ನೀನೇ ಮಾಡು."

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಅವಳ ಬೆರಳು ಮೊದಲ ಸಲ ಕೀಲಿಗಳ ಮೇಲೆ ತಡವರಿಸಿತು. ಒಂದೊಂದು ಸಾಲನ್ನೂ ಟೈಪ್ ಮಾಡಿ, ಗಟ್ಟಿಯಾಗಿ ಓದಿ, ಅದರ ಅರ್ಥವನ್ನು ಅವನದೇ ಮಾತಿನಲ್ಲಿ ಹೇಳಿ, "ಹೀಗೇ ತಾನೆ?" ಅಂತ ಕೇಳಿ ಮುಂದಿನ ಸಾಲಿಗೆ ಹೋದಳು. ಅರ್ಧ ಗಂಟೆ ಹಿಡಿಯಿತು. ಪಿಂಚಣಿಯ ಮಾತು ಪೂರ್ತಿ ಬಂದು ಅರ್ಜಿ ಹದಿಮೂರು ಸಾಲಾಯಿತು. ಮೇಷ್ಟ್ರು ಪಕ್ಕದಿಂದ ಕಣ್ಣಲ್ಲೇ ಎಣಿಸಿ, ತಮ್ಮ ಮುಂದಿನ ಸಾಲಿನ ಕಡೆ ತಿರುಗಿದರು.

ಆ ಮೂರು ತಿಂಗಳಲ್ಲಿ ಒಂದು ಬೆಳಿಗ್ಗೆ ಅವಳು ಅಂಗಡಿಗೆ ಬರುವಾಗ ರಸ್ತೆ ತಿರುವಿನಲ್ಲಿ ನೀರಣ್ಣ ಗುಂಡಿಗೆ ಇಳಿಯುತ್ತಿದ್ದ. ಎರಡೂ ಅಂಗೈ ರಸ್ತೆಗೆ ಊರಿ, ಒಂದು ಕಾಲು ಇಳಿಸಿ, ಹಲ್ಲು ಕಚ್ಚಿ, ಇನ್ನೊಂದು ಕಾಲು. ಅವಳಿಗೆ ನೋಡಲಾಗಲಿಲ್ಲ. ಚೀಲ ಕೆಳಗಿಟ್ಟು, ಕೀಲಿಯ ಮೇಲಿನ ಅಡ್ಡ ಕಂಬಿಗೆ ಕೈಹಾಕಿದಳು.

"ಬಿಡಮ್ಮ" ಅಂದ ಒಳಗಿನಿಂದ. "ನಿನ್ನ ಬೆರಳು ಟೈಪಿಗೆ ಬೇಕು."

ಬಿಡಲಿಲ್ಲ. ಅವನು ಕೆಳಗಿನಿಂದ ಕೀಲಿ ನೆಟ್ಟಗೆ ಹಿಡಿದ, ಇವಳು ಮೇಲಿನಿಂದ ತಿರುಗಿಸಿದಳು. ವಾಲ್ವು ಕಿರ್ರೆಂದು ಸಡಿಲಾಗಿ, ಕಾಲ ಕೆಳಗೆ ನೀರು ಓಡುವ ಸದ್ದು ಕೇಳಿಸಿತು. ಅವತ್ತು ಅಂಗೈಯಲ್ಲಿ ಎದ್ದ ಗುಳ್ಳೆ ನಾಲ್ಕು ದಿನ ಟೈಪ್ ಮಾಡಲು ಬಿಡಲಿಲ್ಲ. ಹೇಗೂ ಕೆಲಸವಿರಲಿಲ್ಲ.

ನೀರಣ್ಣ ನಿವೃತ್ತನಾದ. ಪಿಂಚಣಿ ಬಂತು. ಆಮೇಲೆ ಹದಿನಾರು ವರ್ಷ ಬದುಕಿದ; ಮನೆಯ ಮುಂದೆ ಸೈಕಲ್ ಪಂಕ್ಚರ್ ಹಾಕುತ್ತಾ, ಕಾಲು ಚಾಚಿ ಕೂತೇ ಮಾಡುವ ಕೆಲಸ ಎಷ್ಟು ಸುಖ ಅಂತ ಕಂಡವರಿಗೆಲ್ಲ ಹೇಳುತ್ತಾ.

ಅವಳ ಮುಂದಿನ ಸ್ಟೂಲಿಗೂ ಜನ ನಿಧಾನವಾಗಿ ಮರಳಿದರು. ಮೊದಮೊದಲು ಮೇಷ್ಟ್ರ ಸಾಲು ಉದ್ದವಾದಾಗ ಬೇರೆ ಗತಿಯಿಲ್ಲದೆ ಬಂದರು, ಆಮೇಲೆ ಬೇಕೆಂದೇ ಬಂದರು. ಕಾರಣ, ಅವಳು ಪ್ರಶ್ನೆ ಕೇಳುತ್ತಿದ್ದಳು. "ಕೆಲಸ ಬಿಡ್ತೀನಿ" ಅಂದರೆ, "ಬಿಡೋದು ಅಂದ್ರೆ ಯಾವ ಬಿಡೋದು? ಬೇಡ ಅಂತ ಬಿಡೋದಾ, ಮುಗೀತು ಅಂತ ಬಿಡೋದಾ, ಸ್ವಲ್ಪ ದಿನ ಬಿಟ್ಟು ಮತ್ತೆ ಬರೋದಾ?" "ಉಂಗುರ ಹೋಯ್ತು" ಅಂದರೆ, "ಕಳೆದುಹೋಯ್ತಾ, ಕಳುವಾಯ್ತಾ? ಯಾರ ಮೇಲಾದ್ರೂ ಅನುಮಾನ ಇದೆಯಾ, ಇಲ್ಲದಿದ್ರೆ ಸ್ಟೋಲನ್ ಅಂತ ಹಾಕಲ್ಲ." ಕೆಲವರಿಗೆ ರೇಗುತ್ತಿತ್ತು. "ಪೊಲೀಸರೂ ಇಷ್ಟು ಕೇಳಲ್ಲ ಕಣಕ್ಕ" ಅನ್ನುತ್ತಿದ್ದರು. ಆ ಕಣಕ್ಕ, ಈ ಟೈಪಿನಕ್ಕ ಎಲ್ಲ ಸೇರಿ ಕೊನೆಗೆ ಟೈಪಕ್ಕ ಅನ್ನುವ ಹೆಸರು ಗಟ್ಟಿಯಾಯಿತು.

ಒಮ್ಮೆ ವಯಸ್ಸಾದ ಹೆಂಗಸೊಬ್ಬರು, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವರು, ವಸತಿಗೃಹದ ಅರ್ಜಿ ಬರೆಸಲು ಬಂದರು. "ನಾನು ಒಬ್ಬಳೇ ಇದ್ದೀನಿ ಅಂತ ಹಾಕು" ಅಂದರು.

"ಒಬ್ಬಳೇ ಇರೋದಾ ಅಮ್ಮ, ಒಂಟಿಯಾಗಿರೋದಾ? ಇಂಗ್ಲಿಷಲ್ಲಿ ಅಲೋನ್ ಬೇರೆ, ಲೋನ್ಲಿ ಬೇರೆ. ಒಂದು ಲೆಕ್ಕ, ಇನ್ನೊಂದು ಬೇಜಾರು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಬಹಳ ಯೋಚಿಸಿದರು. "ಒಬ್ಬಳೇ ಅಂತಲೇ ಹಾಕು. ಒಂಟಿ ಅಂದ್ರೆ ಪಕ್ಕದ ಮನೆಯವಳು ಬೇಜಾರು ಮಾಡ್ಕೊಳ್ತಾಳೆ."

ನಿಘಂಟಿನ ಕಿತ್ತ ಬೆನ್ನೇ ಅವಳಿಗೆ ಗಂಡನನ್ನೂ ತಂದುಕೊಟ್ಟಿತು. ಹಿಂದಿನ ಬೀದಿಯ ಬೈಂಡರ್ ಅದನ್ನು ಒಂದು ವರ್ಷದಲ್ಲಿ ಮೂರು ಸಲ ಕಟ್ಟಿಕೊಟ್ಟ. ಮೂರನೇ ಸಲ, "ಇದನ್ನ ಓದ್ತೀರೋ, ತಿಂತೀರೋ?" ಅಂತ ಕೇಳಿದ. ಅವಳು ನಕ್ಕಳು. ನಾಲ್ಕನೇ ಸಲ ಕೂಲಿ ತೆಗೆದುಕೊಳ್ಳಲಿಲ್ಲ. ಐದನೇ ಸಲ ಅವನೇ ಅವಳ ಅಮ್ಮನ ಹತ್ತಿರ ಮಾತಾಡಲು ಬಂದ. ಮಿತಭಾಷಿ ಮನುಷ್ಯ, ಅಂಟಿನ ವಾಸನೆಯ ಕೈ. ಅವರಿಗೆ ಒಬ್ಬಳು ಮಗಳು. ಅವಳು ಪದಗಳ ಗೊಡವೆಗೇ ಹೋಗದೆ ಲೆಕ್ಕಪರೀಕ್ಷಕಳಾದಳು.

ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಮೇಷ್ಟ್ರು ಅಂಗಡಿಯನ್ನು ಅವಳಿಗೆ ಬಿಟ್ಟುಕೊಟ್ಟು ಮನೆ ಸೇರಿದರು. ಮದುವೆಯಾಗದ ಮನುಷ್ಯ, ಪುಸ್ತಕಗಳೇ ಸಂಸಾರ. ಹಾಗೆ ಮನೆ ಸೇರಿ ಎಷ್ಟೋ ವರ್ಷಗಳಾದ ಮೇಲೆ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ ಕೋಲೂರಿಕೊಂಡು ಬಂದು, ಬಂದವರು ಕೂರುವ ಸ್ಟೂಲಿನ ಮೇಲೆ ಕೂತರು.

"ಏನ್ ಸಾರ್, ಇಷ್ಟು ದೂರ? ಹೇಳಿಕಳಿಸಿದ್ರೆ ನಾನೇ ಬರ್ತಿದ್ದೆ" ಅಂದಳು ಟೈಪಕ್ಕ.

"ಕೈ ನಡುಗುತ್ತೆ, ಬರೆಯಕ್ಕಾಗಲ್ಲ. ಒಂದು ಕಾಗದ ಇದೆ. ನಮ್ಮ ಅಣ್ಣನಿಗೆ."

ಮೇಷ್ಟ್ರಿಗೆ ಅಣ್ಣ ಒಬ್ಬರಿದ್ದಾರೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಅವರೂ ಬೇರೆ ಊರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರಂತೆ. ಅಣ್ಣತಮ್ಮ ಇಬ್ಬರೂ ಎಳವೆಯಿಂದ ಕಾಗದ ಬರೆದುಕೊಳ್ಳುತ್ತಿದ್ದದ್ದು ಇಂಗ್ಲಿಷಿನಲ್ಲೇ, ಒಬ್ಬರ ಮುಂದೆ ಒಬ್ಬರಿಗೆ ಜಂಬ. ಇಪ್ಪತ್ತಾರು ವರ್ಷದಿಂದ ಅದೂ ನಿಂತಿತ್ತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ಹಳೆಯ ಗತ್ತಿನಲ್ಲೇ ಹೇಳತೊಡಗಿದರು. ಅಮ್ಮನ ಕೊನೆಯ ದಿನಗಳಲ್ಲಿ ಉಂಟಾದ ಪರಿಸ್ಥಿತಿಗಾಗಿ ನಾನು ರಿಗ್ರೆಟ್ ಮಾಡುತ್ತೇನೆ ಅಂತ ಒಂದು ವಾಕ್ಯ ಬಂತು.

ಟೈಪಕ್ಕನ ಕೈ ನಿಂತಿತು. "ಸಾರ್, ಒಂದು ಕೇಳ್ಲಾ?"

"ಏನು?"

"ರಿಗ್ರೆಟ್ ಅಂದ್ರೆ ನಡೆದಿದ್ದಕ್ಕೆ ಬೇಜಾರು. ನಡೆದಿದ್ದಕ್ಕಾ, ನೀವು ಮಾಡಿದ್ದಕ್ಕಾ?"

ಮೇಷ್ಟ್ರ ಹುಬ್ಬು ಗಂಟಿಕ್ಕಿತು. "ನನಗೇ ಪಾಠನಾ?"

"ಬಂದವರಿಗೆಲ್ಲ ಕೇಳ್ತೀನಿ ಸಾರ್. ನಿಮಗೊಬ್ರಿಗೆ ಕೇಳದೆ ಹೋದ್ರೆ ಚೆನ್ನಾಗಿರಲ್ಲ."

ಮೇಷ್ಟ್ರು ರಸ್ತೆ ಕಡೆ ನೋಡುತ್ತಾ ಕೂತರು. ಎದುರಿನ ಕಚೇರಿಯ ಗೇಟಿನಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ. "ಅಮ್ಮನಿಗೆ ಜಾಸ್ತಿ ಆಗಿದೆ ಅಂತ ಅವನಿಗೆ ತಿಳಿಸಬೇಕಿತ್ತು" ಅಂದರು ಕೊನೆಗೆ. "ತಂತಿ ಬರೆದಿದ್ದೆ. ಜೇಬಲ್ಲೇ ಇತ್ತು. ಯಾವುದೋ ಸಣ್ಣ ಕೋಪ, ನಾಳೆ ಕಳಿಸಿದ್ರಾಯ್ತು ಅಂದ್ಕೊಂಡೆ. ಅವನು ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂಚೆಯವರು ತಡ ಮಾಡಿದ್ರು ಅಂತ ಹೇಳಿದೆ. ಅವನು ನಂಬಲಿಲ್ಲ. ನಾನೂ ಒಪ್ಕೊಳ್ಳಲಿಲ್ಲ."

ತೆರೆಯ ಮೇಲಿನ ಆ ಪದದ ಮುಂದೆ ಗೆರೆ ಮಿನುಗುತ್ತಿತ್ತು.

"ಅಪಾಲಜೈಸ್ ಅಂತ ಹಾಕು" ಅಂದರು. ಹಾಕಿದಳು. ಓದಿದಳು. ಮೇಷ್ಟ್ರು ಬೇಡವೆಂಬಂತೆ ತಲೆ ಅಲ್ಲಾಡಿಸಿದರು. "ಇದು ಅಂಗಡಿಯವನು ಗಿರಾಕಿಗೆ ಹೇಳಿದ ಹಾಗಿದೆ. ಎಲ್ಲ ಅಳಿಸು. ಕನ್ನಡದಲ್ಲಿ ಬರಿ."

"ಏನಂತ ಸಾರ್?"

"ಅಣ್ಣಾ, ತಪ್ಪಾಯ್ತು."

ಅವಳು ಟೈಪ್ ಮಾಡಿದಳು. ಎರಡು ಪದ ದೊಡ್ಡ ಬಿಳಿ ಹಾಳೆಯ ಮೇಲೆ ನಿಂತವು. ಮೇಷ್ಟ್ರು ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದರು. "ಇಲ್ಲ. ತಪ್ಪಾಯ್ತು ಅಂದ್ರೆ ತಾನಾಗೇ ಆಯ್ತು ಅಂದಹಾಗಿದೆ, ಮಳೆ ಬಂತು ಅಂದಹಾಗೆ. ತಪ್ಪು ಮಾಡಿದೆ ಅಂತ ಹಾಕು."

ಅದನ್ನು ಹಾಕಿದ ಮೇಲೆ ಉಳಿದದ್ದು ಸರಾಗವಾಗಿ ಬಂತು. ತಂತಿ, ಜೇಬು, ಅಂಚೆಯವರ ಸುಳ್ಳು, ಎಲ್ಲ. ಹತ್ತು ಸಾಲಿನ ನಿಯಮ ಯಾರಿಗೂ ನೆನಪಾಗಲಿಲ್ಲ. ಎರಡು ಪುಟ ತುಂಬಿತು. ಸಹಿ ಮಾಡುವಾಗ ನಡುಗುವ ಕೈಯನ್ನು ಅವಳು ಮಣಿಕಟ್ಟಿನ ಹತ್ತಿರ ಹಿಡಿದುಕೊಂಡಳು. ಆವತ್ತು ಸಂಜೆ ತಾನೇ ಹೋಗಿ ಅಂಚೆಗೆ ಹಾಕಿದಳು, ರಿಜಿಸ್ಟರ್ ಮಾಡಿಸಿ.

ಉತ್ತರ ಬರಲು ಐದು ವಾರವಾಯಿತು. ಮೇಷ್ಟ್ರು ಒಡೆಯದೆಯೇ ತಂದು ಅವಳ ಕೈಗೆ ಕೊಟ್ಟರು. ನಾಲ್ಕೇ ಸಾಲು, ಕನ್ನಡದಲ್ಲಿ. ಕ್ಷಮಿಸಿದ್ದೇನೆ ಅಂತ ಎಲ್ಲೂ ಇರಲಿಲ್ಲ, ಕ್ಷಮಿಸಿಲ್ಲ ಅಂತಲೂ ಇರಲಿಲ್ಲ. ಕಾಗದ ತಲುಪಿತು. ಮುಂದಿನ ಸೋಮವಾರ ಹೊರಡುತ್ತೇನೆ. ಈಗ ಮೆಟ್ಟಿಲು ಹತ್ತಲಾರೆ, ಕೆಳಗಿನ ಕೋಣೆ ಖಾಲಿ ಮಾಡಿಸು. ಒಂದು ತಿಂಗಳು ಇರುತ್ತೇನೆ.

ಮೇಷ್ಟ್ರು ಅದನ್ನು ಎರಡು ಸಲ ಓದಿಸಿದರು. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು, "ಕೆಳಗಿನ ಕೋಣೆ ತುಂಬ ಪುಸ್ತಕ ಇದೆಯಲ್ಲೇ, ಎಲ್ಲಿಗೆ ಸಾಗಿಸೋದು?" ಅಂತ ಗಾಬರಿಬಿದ್ದರು.

ಭಾನುವಾರ ಟೈಪಕ್ಕ ಅಂಗಡಿಗೆ ಬೀಗ ಹಾಕಿ ಗಂಡನನ್ನು ಕರೆದುಕೊಂಡು ಹೋದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಇಬ್ಬರೂ ಪುಸ್ತಕಗಳನ್ನು ಮಹಡಿಗೆ ಹೊತ್ತರು. ಬೈಂಡರ್ ಪ್ರತಿಯೊಂದರ ಬೆನ್ನು ಸವರಿ, ಇದನ್ನ ಕಟ್ಟಿಸಬೇಕು, ಇದನ್ನೂ ಕಟ್ಟಿಸಬೇಕು ಅಂತ ಬೇರೆ ಇಡುತ್ತಿದ್ದ. ಮೇಷ್ಟ್ರು ಕೋಣೆಯ ಬಾಗಿಲಲ್ಲಿ ನಿಂತು, ಮಂಚವನ್ನು ಕಿಟಕಿ ಕಡೆ ಹಾಕೋಣವೋ ಗೋಡೆ ಕಡೆ ಹಾಕೋಣವೋ ಅಂತ ಕೇಳಿದ್ದನ್ನೇ ಕೇಳುತ್ತಿದ್ದರು. ಅಣ್ಣನಿಗೆ ಗಾಳಿ ಬೇಕೋ, ಬೆಚ್ಚಗಿರಬೇಕೋ, ಅವರಿಗೆ ನೆನಪಿರಲಿಲ್ಲ. ಕೊನೆಗೆ ಟೈಪಕ್ಕ ಮಂಚವನ್ನು ಕಿಟಕಿಯಿಂದ ಒಂದು ಮಾರು ದೂರದಲ್ಲಿ, ಮಧ್ಯದಲ್ಲಿ ಹಾಕಿಸಿ, ಹಾಸಿಗೆ ಕೊಡವಲು ಅಂಗಳಕ್ಕೆ ಎತ್ತಿಕೊಂಡು ಹೋದಳು.